ಮೂವತ್ತೊಂದನೇ ನಂಬರಿನ ತಟ್ಟೆ

ಕಳೆದ ಜನವರಿಯಲ್ಲಿ ಗೆಳೆಯನೊಬ್ಬನ ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ, ಕಾಗದ ಮಾಡಿಸಲು ಮಂಗಳೂರಿನ ಹಂಪನಕಟ್ಟೆಯ ಒಂದು ಪ್ರೆಸ್ಸಿಗೆ ಹೋಗಿದ್ದೆವು. ಅಲ್ಲಿದ್ದ ಹುಡುಗಿ ಬೇರೆ ಯಾರದೋ ಹಳೆಯ ಕಾಗದವನ್ನು ಕಂಪ್ಯೂಟರಿನಲ್ಲಿ ತೆರೆದಳು. ಅದರಲ್ಲಿದ್ದ ಹೆಸರುಗಳನ್ನು ಒಂದೊಂದೇ ಅಳಿಸುತ್ತಾ ಹೋದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಅಣ್ಣಾ, ಮೇಲೆ ಕುಲದೇವರು ಯಾರು ಹಾಕ್ಬೇಕು?"

ಗೆಳೆಯ ಮಾತಾಡಲಿಲ್ಲ.

"ಕೆಳಗೆ ಹಿರಿಯರ ಹೆಸರು?"

ಅದಕ್ಕೂ ಮಾತಾಡಲಿಲ್ಲ. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಅವನಿಗೆ ಸ್ವಂತ ವರ್ಕ್‌ಶಾಪ್ ಉಂಟು. ಆರು ಜನ ಹುಡುಗರು ಅವನ ಹತ್ತಿರ ಕೆಲಸ ಮಾಡುತ್ತಾರೆ. ಬೋಟಿನ ಧಣಿಗಳ ಎದುರು ನಿಂತು ರೇಟು ಮಾತಾಡುವವನು. ಆದರೆ ಆ ಹುಡುಗಿಯ ಎದುರು, ಪಾಠ ಬಾರದ ಹುಡುಗನ ಹಾಗೆ ಕೂತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಮೇಲೆ ಕೊರಗಜ್ಜ ಅಂತ ಹಾಕಿ. ಹಿರಿಯರ ಹೆಸರು ನಾಳೆ ಹೇಳ್ತೇನೆ" ಅಂದ.

ಅವನು ಬೆಳೆದದ್ದು ಅನಾಥಾಶ್ರಮದಲ್ಲಿ. ಇದನ್ನು ಬರೆಯಲಾ ಅಂತ ಅವನನ್ನೇ ಕೇಳಿದೆ. "ಬರೆ. ಆದ್ರೆ ಹೆಸರು ಬೇಡ ಮಾರಾಯ, ಮಕ್ಕಳು ಶಾಲೆಗೆ ಹೋಗ್ತಾರೆ" ಅಂದ. ಹಾಗಾಗಿ ಇಲ್ಲಿ ಅವನಿಗೂ ಹೆಸರಿಲ್ಲ, ಆಶ್ರಮಕ್ಕೂ ಹೆಸರಿಲ್ಲ.

ನಾವಿಬ್ಬರೂ ಎಂಟರಿಂದ ಹತ್ತರವರೆಗೆ ಒಂದೇ ಬೆಂಚು. ಆಶ್ರಮದಿಂದ ಹನ್ನೊಂದು ಹುಡುಗರು ಸಾಲಾಗಿ ನಡೆದು ಶಾಲೆಗೆ ಬರುತ್ತಿದ್ದರು. ಅವರು ಯಾರು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಹನ್ನೊಂದು ಜನರ ತಲೆಯೂ ಒಂದೇ ದಿನ ಕ್ಷೌರ ಆಗಿರುತ್ತಿತ್ತು. ಮೊದಲ ವಾರದಲ್ಲೇ ನಾನು ಅವನ ಹತ್ತಿರ ಕೇಳಿದ್ದೆ, "ನಿಮ್ಮದು ಎಲ್ಲಾಯ್ತು?" ಅವನು "ಆಶ್ರಮ" ಅಂದ. "ಅದಲ್ಲ, ಮನೆ ಎಲ್ಲಿ?" ಅಂತ ನಾನು ಪುನಃ ಕೇಳಿದೆ. ಮೊದಲ ಪ್ರಶ್ನೆ ಗೊತ್ತಿಲ್ಲದೆ ಕೇಳಿದ್ದು. ಎರಡನೆಯದು ಗೊತ್ತಾದ ಮೇಲೆ ಕೇಳಿದ್ದು. ಅದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನಮ್ಮ ಊರಿನವರಿಗೆ ಈ ಪ್ರಶ್ನೆ ಎಷ್ಟು ಸಹಜ ಅಂತ ಹೊರಗಿನವರಿಗೆ ಸುಲಭಕ್ಕೆ ಅರ್ಥ ಆಗಲಿಕ್ಕಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಊಟದ ಸಾಲಿನಲ್ಲಿ ಎದುರು ಕೂತವರು, ಎಲ್ಲರೂ ಕೇಳುವುದು "ಎಲ್ಲಾಯ್ತು?" ಅಂತಲೇ. ಊರು ಹೇಳಿದರೆ ಕುಟುಂಬದ ಮನೆ ಯಾವುದು ಅಂತ ಕೇಳುತ್ತಾರೆ. ಅದನ್ನು ಹೇಳಿದರೆ ಯಾವ ದೈವ, ಯಾವ ಬರಿ. ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಬಳಿ, ಗೋತ್ರದ ಹಾಗೆ. ಅಳಿಯಸಂತಾನದ ಸಮುದಾಯಗಳಲ್ಲಿ ಅಮ್ಮನ ಬರಿಯೇ ಮಕ್ಕಳ ಬರಿ. ಒಂದೇ ಬರಿಯವರು ಮದುವೆ ಆಗುವ ಹಾಗಿಲ್ಲ. ಹಾಗಾದರೆ ಅಮ್ಮ ಯಾರು ಅಂತಲೇ ಗೊತ್ತಿಲ್ಲದವನಿಗೆ ಯಾವ ಬರಿ? ಒಂದು ಸಣ್ಣ ಮಾತುಕತೆ ಮುಗಿಯುವಷ್ಟರಲ್ಲಿ ಅವನು ನಾಲ್ಕು ಸಲ ಬರಿಗೈಯಲ್ಲಿ ನಿಲ್ಲುತ್ತಾನೆ.

ಅವನ ಬಗ್ಗೆ ಆಶ್ರಮದ ಪುಸ್ತಕದಲ್ಲಿ ಇದ್ದದ್ದು ಎರಡು ಸಾಲು. ತಾಯಿ ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾಳೆ. ಸಂಬಂಧಿಕರು ಯಾರೂ ಬಂದಿಲ್ಲ. ವಯಸ್ಸು ಸುಮಾರು ನಾಲ್ಕು ಅಂತ ಅಂದಾಜು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯಲ್ಲಿ ಜೂನ್ 1 ಅಂತ ಬರೆಯುವ ರೂಢಿ ಇತ್ತಲ್ವಾ, ಅವನಿಗೂ ಜೂನ್ 1. ಆಶ್ರಮದ ಅರ್ಧ ಮಕ್ಕಳಿಗೆ ಅದೇ ಹುಟ್ಟುಹಬ್ಬ.

ಆಶ್ರಮದಲ್ಲಿ ಅಡುಗೆ ಮಾಡುತ್ತಿದ್ದವರನ್ನು ಎಲ್ಲರೂ ಅಕ್ಕ ಅಂತ ಕರೆಯುತ್ತಿದ್ದರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಆದಿತ್ಯವಾರ ಮಾತ್ರ ಬೂತಾಯಿ ಸಾರು. ಮಕ್ಕಳು 48, ತಲೆಗೆ ಎರಡು ಬೂತಾಯಿ. ಮೀನು ಬರುತ್ತಿದ್ದದ್ದು ನೂರರ ಲೆಕ್ಕದಲ್ಲಿ. ಬಡಿಸಿ ನಾಲ್ಕು ಉಳಿಯುತ್ತಿತ್ತು. ಆ ನಾಲ್ಕು ಯಾರಿಗೆ ಅನ್ನುವುದು ಅಕ್ಕನ ತೀರ್ಮಾನ. ಜ್ವರ ಬಂದು ಎದ್ದವನಿಗೆ ಒಂದು. ಆ ವಾರ ಹೊಸದಾಗಿ ಬಂದು ರಾತ್ರಿಯೆಲ್ಲ ಅಳುವ ಮಗುವಿಗೆ ಒಂದು. ನನ್ನ ಗೆಳೆಯ ಈಗಲೂ ಹೋಟೆಲಿನಲ್ಲಿ ಮೀನಿನ ಬಟ್ಟಲು ಬಂದರೆ ಮೊದಲು ಎಣಿಸುತ್ತಾನೆ. ಎಣಿಸುತ್ತಿದ್ದೇನೆ ಅಂತ ಅವನಿಗೇ ಗೊತ್ತಾಗುವುದಿಲ್ಲ.

ತಟ್ಟೆಗಳಿಗೆ ನಂಬರ್ ಇತ್ತು. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಗುದ್ದಿ ಚುಕ್ಕೆ ಚುಕ್ಕೆಯಾಗಿ ಬರೆದ ನಂಬರ್. ಅವನದು 31. ಅದೇ ನಂಬರ್ ಅವನ ಟ್ರಂಕಿನ ಮೇಲೆ, ಟವೆಲಿನ ಮೂಲೆಯಲ್ಲಿ, ಹಾಸಿಗೆಯ ಮೇಲೆ.

ಹತ್ತನೆಯ ಕ್ಲಾಸು ಮುಗಿದ ಮೇಲೆ ನಾನು ಕಾಲೇಜಿಗೆ ಹೋದೆ. ಅವನು ಆಶ್ರಮದಲ್ಲೇ ಇದ್ದು ಅಲ್ಲಿನ ತೋಟ, ಪಂಪು, ವೈರಿಂಗ್ ಅಂತ ಕೆಲಸ ಮಾಡುತ್ತಿದ್ದ. 2002ರ ಜೂನ್ 1ಕ್ಕೆ ಅವನಿಗೆ ಕಾಗದದ ಲೆಕ್ಕದಲ್ಲಿ 18 ತುಂಬಿತು. ಅವತ್ತೇ ಹೊರಡಬೇಕಾಯಿತು. ಯಾರೂ ಬೈದು ಕಳಿಸಿದ್ದಲ್ಲ. ನಿಯಮ ಹಾಗೆ, ಜಾಗ ಇನ್ನೊಬ್ಬ ಮಗುವಿಗೆ ಬೇಕು. ನಾನು ಅವತ್ತು ಎಲ್ಲಿದ್ದೆ ಅಂತ ನನಗೆ ನೆನಪೇ ಇಲ್ಲ. ಅಮ್ಮ ಮಾಡಿಟ್ಟದ್ದನ್ನು ತಿಂದು ಮಲಗಿರಬೇಕು. ಅವನು ಟ್ರಂಕ್ ಹಿಡಿದು ಮಳೆಯಲ್ಲಿ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅಕ್ಕ ಹಿಂದಿನಿಂದ ಬಂದು ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ 31ನೇ ನಂಬರಿನ ತಟ್ಟೆ. ಅದರ ಮೇಲೆ 200 ರೂಪಾಯಿ.

ಜೂನ್ 1ಕ್ಕೆ ನಮ್ಮ ಕಡಲಿನಲ್ಲಿ ಇನ್ನೊಂದು ಅರ್ಥ ಉಂಟು. ಮಳೆಗಾಲದ ಮೀನುಗಾರಿಕೆ ರಜೆಗೆ ದೊಡ್ಡ ಬೋಟುಗಳು ದಡ ಸೇರುವ ಕಾಲ. ಈಗಿನ ಲೆಕ್ಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಮೀನು ಮೊಟ್ಟೆ ಇಡುವ ಸಮಯ, ಕಡಲೂ ರಫ್. ಬೋಟುಗಳು ದಕ್ಕೆಯಲ್ಲಿ ಒಂದರ ಪಕ್ಕ ಒಂದು, ಮೂರು ನಾಲ್ಕು ಸಾಲು ನಿಲ್ಲುತ್ತವೆ. ಮೀನುಗಾರರಿಗೆ ಕೆಲಸ ಇಲ್ಲ. ಆದರೆ ಮೆಕ್ಯಾನಿಕ್‌ಗಳಿಗೆ ಅದೇ ಸೀಸನ್. ವರ್ಷವಿಡೀ ಓಡಿದ ಎಂಜಿನ್ ಬಿಚ್ಚಬೇಕು, ಬೋರ್ ನೋಡಬೇಕು, ಪಿಸ್ಟನ್ ರಿಂಗ್ ಬದಲಿಸಬೇಕು, ಪ್ರೊಪೆಲ್ಲರಿನ ಶಾಫ್ಟ್ ಎಳೆಯಬೇಕು. ಎರಡು ತಿಂಗಳಲ್ಲಿ ಎಲ್ಲ ಮುಗಿಯಬೇಕು. ಒಬ್ಬ ಹುಡುಗ ಟ್ರಂಕ್ ಹಿಡಿದು ದಕ್ಕೆಗೆ ಬಂದು "ಕೆಲಸ ಉಂಟಾ" ಅಂತ ಕೇಳಿದರೆ, ವರ್ಷದ ಬೇರೆ ಯಾವ ದಿನವೂ ಉಂಟು ಅನ್ನುತ್ತಿದ್ದರೋ ಇಲ್ಲವೋ. ಅವತ್ತು ಉಂಟು ಅಂದರು.

ಹಾಗೆ ಅಂದವರು ಒಬ್ಬ ಬ್ಯಾರಿ ಮೇಸ್ತ್ರಿ. ಬ್ಯಾರಿ ಅಂದರೆ ನಮ್ಮ ಕರಾವಳಿಯ ಮುಸ್ಲಿಮರು. ದಕ್ಕೆಯಲ್ಲಿ ಎಲ್ಲರಿಗೂ ಅವರು ಕಾಕ. ಮೊದಲ ದಿನ ಡೀಸೆಲಿನಲ್ಲಿ ನಟ್ಟು ಬೋಲ್ಟು ತೊಳೆಯುವ ಕೆಲಸ ಕೊಟ್ಟರು. ರಾತ್ರಿ ಎಲ್ಲಿ ಮಲಗುತ್ತಿ ಅಂತ ಕೇಳಿದರು. ಇವನು ಸುಮ್ಮನೆ ನಿಂತ. ಕಾಕ ಮುಂದೆ ಏನೂ ಕೇಳಲಿಲ್ಲ. ಕಟ್ಟಿ ಹಾಕಿದ ಒಂದು ಬೋಟಿನ ಕ್ಯಾಬಿನ್ ತೋರಿಸಿ, "ರಾತ್ರಿ ಕಾವಲಿಗೆ ಒಬ್ಬ ಬೇಕಿತ್ತು" ಅಂದರು. ನಿಜವಾಗಿಯೂ ಬೇಕಿತ್ತೋ, ಇವನಿಗೋಸ್ಕರ ಹೇಳಿದ್ದೋ, ಇಷ್ಟು ವರ್ಷ ಆದರೂ ಅವನಿಗೆ ಗೊತ್ತಿಲ್ಲ. ಮಳೆ ನೀರು ಒಳಗೆ ಬರುತ್ತಿತ್ತಂತೆ. ಟ್ರಂಕಿನ ಮೇಲೆ ಕೂತೇ ನಿದ್ದೆ ಮಾಡಿದ ರಾತ್ರಿಗಳಿದ್ದವಂತೆ.

ಎರಡು ವರ್ಷ ಕಳೆದ ಮೇಲೆ ಕಾಕನೇ ಹಟ ಹಿಡಿದು ಅವನನ್ನು ಕದ್ರಿ ಗುಡ್ಡೆಯ ಸರಕಾರಿ ಐಟಿಐಗೆ ಸೇರಿಸಿದರು. ಡೀಸೆಲ್ ಮೆಕ್ಯಾನಿಕ್ ಕೋರ್ಸ್. "ನನ್ನ ಹತ್ತಿರ ಕಲಿತದ್ದಕ್ಕೆ ಕಾಗದ ಇಲ್ಲ, ನಿನಗೆ ಕಾಗದ ಬೇಕು" ಅಂದರಂತೆ. ಬೆಳಿಗ್ಗೆ ಕ್ಲಾಸು, ಸಾಯಂಕಾಲದಿಂದ ದಕ್ಕೆ.

ಕೈಗೆ ಒಂದು ಕಸುಬು ಕೊಟ್ಟರೆ ಮನುಷ್ಯ ನಿಲ್ಲುತ್ತಾನೆ ಅನ್ನುವುದು ಮಂಗಳೂರಿಗೆ ಹಳೆಯ ಪಾಠ. ಜೆಪ್ಪುವಿನ ಸಂತ ಜೋಸೆಫರ ಅನಾಥಾಲಯಕ್ಕೆ ಸೇರಿದ ವರ್ಕ್‌ಶಾಪ್ ಶುರುವಾದದ್ದೇ ಹಾಗೆ. ಅನಾಥ ಮಕ್ಕಳಿಗೆ ಮರಗೆಲಸ, ಕಬ್ಬಿಣದ ಕೆಲಸ, ಮೂರ್ತಿ ಕೆತ್ತುವ ಕೆಲಸ ಕಲಿಸಿದರು. ಅಲ್ಲಿ ಮಾಡಿದ ಮೂರ್ತಿಗಳು ದೂರ ದೂರದ ಚರ್ಚುಗಳಿಗೆ ಹೋಗಿವೆ. ಅದೇ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಕಟ್ಟಿದರು. ಮತಾಂತರ ಆದ ಕಾರಣಕ್ಕೆ ಮನೆಯಿಂದ, ಕುಟುಂಬದಿಂದ, ಕುಲಕಸುಬಿನಿಂದ ಹೊರಗೆ ಬಿದ್ದವರು ಆಗ ಬಹಳ ಜನ ಇದ್ದರು. ಅಪ್ಪ ಅಮ್ಮ ಬದುಕಿದ್ದೂ ಅನಾಥರಾದವರು. ಅವರಿಗೆ ಅನ್ನದ ದಾರಿ ಆಗಬೇಕಿತ್ತು. ನೇಯ್ಗೆ, ಅಚ್ಚುಕೂಟ, ಹೆಂಚು ಎಲ್ಲ ಆ ಅಗತ್ಯದಿಂದ ಬೆಳೆದವು. ಊರಿನ ಹಳೇ ಮನೆಗಳ ಹೆಂಚು ನೋಡಿದಾಗ ನನಗೆ ಈಗೀಗ ಅವರ ನೆನಪೇ ಬರುತ್ತದೆ.

ಅನಾಥರಾಗಿ ಬೆಳೆದು ದೊಡ್ಡ ಹೆಸರು ಮಾಡಿದವರ ಕಥೆ ಓದುವುದು ನನಗೆ ಒಂದು ಅಭ್ಯಾಸವೇ ಆಗಿದೆ. ನಮ್ಮ ಪಕ್ಕದ ಕೇರಳದ ಬಿ. ಅಬ್ದುಲ್ ನಾಸರ್ ಅವರ ಊರು ತಲಶ್ಶೇರಿ, ಮಂಗಳೂರಿನಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ. ಐದನೇ ವಯಸ್ಸಿನಲ್ಲಿ ಅಪ್ಪ ಹೋದರು. ಅಮ್ಮ ಬೇರೆಯವರ ಮನೆಗೆಲಸ ಮಾಡುತ್ತಿದ್ದರು. 13 ವರ್ಷ ಅನಾಥಾಲಯದಲ್ಲಿ ಬೆಳೆದರು. ಪೇಪರ್ ಹಾಕಿದರು, ಟ್ಯೂಷನ್ ಹೇಳಿದರು, ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಒಂದೊಂದೇ ಮೆಟ್ಟಿಲು ಹತ್ತಿ 2017ರಲ್ಲಿ ಐಎಎಸ್ ಆದರು, 2019ರಲ್ಲಿ ಕೊಲ್ಲಂ ಜಿಲ್ಲಾಧಿಕಾರಿ ಆದರು. ಮಲಪ್ಪುರಂ ಜಿಲ್ಲೆಯ ಮೊಹಮ್ಮದ್ ಅಲಿ ಶಿಹಾಬ್ ಅವರ ಅಪ್ಪ 1991ರಲ್ಲಿ ತೀರಿಕೊಂಡರು. ಮಕ್ಕಳನ್ನು ಸಾಕಲಾಗದ ಅಮ್ಮ ಮುಕ್ಕಂನ ಅನಾಥಾಲಯಕ್ಕೆ ಸೇರಿಸಿದರು. ಹತ್ತು ವರ್ಷ ಅಲ್ಲಿದ್ದರು. 2011ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 226ನೇ ರ‍್ಯಾಂಕ್ ಬಂದು ನಾಗಾಲ್ಯಾಂಡಿಗೆ ಐಎಎಸ್ ಅಧಿಕಾರಿಯಾಗಿ ಹೋದರು.

ಈ ಇಬ್ಬರಿಗೂ ಅಮ್ಮ ಇದ್ದರು, ಗಮನಿಸಿದಿರಾ? ಅನಾಥಾಲಯದಲ್ಲಿ ಇರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇರುತ್ತಾರೆ. ತಂದೆ ತಾಯಿಯಲ್ಲಿ ಒಬ್ಬರನ್ನು ಕಳಕೊಂಡರೂ ಯುನಿಸೆಫ್ ಲೆಕ್ಕದಲ್ಲಿ ಮಗು ಅನಾಥವೇ. ನಮ್ಮ ಬಾಲನ್ಯಾಯ ಕಾಯ್ದೆ ಇನ್ನೊಂದು ರೀತಿಯಲ್ಲಿ ಹೇಳುತ್ತದೆ: ಕಾನೂನುಬದ್ಧ ಪೋಷಕರು ಇದ್ದೂ ನೋಡಿಕೊಳ್ಳಲು ಒಪ್ಪದಿದ್ದರೆ, ಅಥವಾ ಕೈಲಾಗದಿದ್ದರೆ, ಆ ಮಗುವೂ ಅನಾಥವೇ. ಕೈಲಾಗದ ಅಮ್ಮಂದಿರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಮಗುವನ್ನು ಬಾಗಿಲಲ್ಲಿ ಬಿಟ್ಟು, ತಿರುಗಿ ನೋಡಿದರೆ ಕಾಲು ಬಾರದು ಅಂತ ನೋಡದೆ ಹೋಗುವ ಅಮ್ಮಂದಿರು.

ಇನ್ನು ನಮ್ಮ ರಾಜ್ಯದಲ್ಲೇ, ಗದಗದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹಾನಗಲ್ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು, ಹೆತ್ತವರೂ ಬೇಗ ಹೋದರು. ಸೋದರಮಾವ ಕರೆದುಕೊಂಡು ಹೋಗಿ ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದರು. ಅವರೂ ಕಣ್ಣು ಕಾಣದವರೇ. ಮುಂದೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಸಾವಿರ ಮಕ್ಕಳು ಅನ್ನ ಉಂಡು ಸಂಗೀತ ಕಲಿತರು! 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ತೀರಿಕೊಂಡರು. ಅವರ ಬಗ್ಗೆ ಯಾರೇ ಮಾತಾಡಲಿ, ನನಗೆ ಆ ಸೋದರಮಾವ ಕಣ್ಣಿಗೆ ಬರುತ್ತಾನೆ. ಕುರುಡು ಮಗುವಿನ ಕೈ ಹಿಡಿದು ನಡೆದ ಆ ದಿನ ಅವನಿಗೆ ಏನು ಅನಿಸಿತ್ತೋ.

ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಬರುವ ಕಥೆಗಳಲ್ಲಿ ಈ ಎರಡನೆಯ ಮನುಷ್ಯ ಇರುವುದಿಲ್ಲ. "ಯಾರ ಸಹಾಯವೂ ಇಲ್ಲದೆ ಬೆಳೆದ ಹುಡುಗ" ಅಂತ ಹೆಡ್ಡಿಂಗ್ ಇರುತ್ತದೆ. ನನ್ನ ಗೆಳೆಯನಿಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. "ಯಾರ ಸಹಾಯವೂ ಇಲ್ಲದಿದ್ದವರು ಬೆಳೀಲಿಲ್ಲ ಮಾರಾಯ. ನನ್ನ ಜೊತೆ ಅದೇ ವರ್ಷ ಹೊರಗೆ ಬಂದವ ಒಬ್ಬ ಇದ್ದ. ನನಗಿಂತ ಹುಷಾರು. ಅವನಿಗೆ ಕಾಕ ಸಿಗ್ಲಿಲ್ಲ" ಅಂದ ಒಮ್ಮೆ. ಆ ಹುಡುಗ ಈಗ ಎಲ್ಲಿದ್ದಾನೆ ಅಂತ ಅವನಿಗೆ ಗೊತ್ತಿಲ್ಲ. ಹುಡುಕಿದ್ದಾನೆ. ಸಿಕ್ಕಿಲ್ಲ.

ನಮ್ಮ ತುಳುನಾಡಿನ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ಹಾಡುಗಳು, ಈ ವಿಷಯದಲ್ಲಿ ಪೇಪರಿನವರಿಗಿಂತ ಪ್ರಾಮಾಣಿಕ. ಕೊರಗಜ್ಜ ಅಂದರೆ ಕೊರಗ ತನಿಯ. ಎಳವೆಯಲ್ಲೇ ಹೆತ್ತವರನ್ನು ಕಳಕೊಂಡ ಹುಡುಗ. ಅವನನ್ನು ಕಂಡು ಮನೆಗೆ ಕರೆದುಕೊಂಡು ಹೋಗಿ ತನ್ನ ಮಗನ ಜೊತೆ ಸಾಕಿದವಳು ಕಳ್ಳು ಮಾರುವ ಮೈರಕ್ಕೆ ಬೈದೆತಿ. ಅವಳ ಹೆಸರು ಹೇಳದೆ ಅಜ್ಜನ ಕಥೆ ಮುಂದೆ ಹೋಗುವುದಿಲ್ಲ. ಚಿನ್ನ ಕಳೆದರೆ, ದನ ಕಾಣೆಯಾದರೆ, ಬೈಕಿನ ಕೀ ಸಿಗದಿದ್ದರೂ ನಾವು ಅಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತೇವೆ. ಅಪ್ಪ ಅಮ್ಮನನ್ನೇ ಕಳಕೊಂಡ ಹುಡುಗನ ಹತ್ತಿರ ಹೋಗಿ, ಕಳೆದದ್ದನ್ನು ಹುಡುಕಿಕೊಡು ಅನ್ನುತ್ತೇವೆ. ಪ್ರೆಸ್ಸಿನಿಂದ ಹೊರಗೆ ಬಂದ ಮೇಲೆ, ಕೊರಗಜ್ಜ ಅಂತ ಯಾಕೆ ಹೇಳಿದೆ ಅಂತ ನಾನು ಕೇಳಿದೆ. "ಅಜ್ಜನಿಗೆ ಗೊತ್ತುಂಟಲ್ಲ" ಅಂದ. ಅಷ್ಟೇ ಅಂದ.

ಅವನ ಮದುವೆಯ ಮಾತು ಬಂದಾಗಲೂ ಪಾಡ್ದನವೇ ಕೈ ಹಿಡಿಯಿತು. ಹುಡುಗಿ ನರ್ಸ್. ಇಬ್ಬರಿಗೂ ಒಪ್ಪಿಗೆ. ಕಿನ್ನಿಗೋಳಿ ಹತ್ತಿರದ ಅವರ ಮನೆಗೆ ಅವನ ಕಡೆಯಿಂದ ಹೋದದ್ದು ಕಾಕ ಮತ್ತು ನಾನು. ಕಾಫಿ, ಅವಲಕ್ಕಿ ಆಯಿತು. ಹುಡುಗಿಯ ಸೋದರಮಾವ ಮೆಲ್ಲ ಕೇಳಿದರು, "ಹುಡುಗನ ಬರಿ ಯಾವುದು?" ನಾನು ನೆಲ ನೋಡಿದೆ. ಆ ಮನೆಯಲ್ಲಿ ಮಾತು ನಿಂತೇ ಹೋಯಿತು. ಆಗ ಒಳಗಿನ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ಮಗನ ಕಡೆ ತಿರುಗಿದರು.

"ಸಾಯನ ಬೈದ್ಯರು ಕಾಡಿನಲ್ಲಿ ಸಿಕ್ಕಿದ ಹುಡುಗಿಯ ಬರಿ ಕೇಳಿ ಅಲ್ಲೇ ಬಿಟ್ಟು ಬಂದಿದ್ದರೆ, ಗರಡಿಯಲ್ಲಿ ನೀನು ಇವತ್ತು ಯಾರಿಗೆ ದೀಪ ಇಡ್ತಿದ್ದೆ?"

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೇರೆಯವರಿಗೆ ಹೇಳುತ್ತೇನೆ. ಮದುವೆಗೆ ಮೊದಲೇ ದೊಡ್ಡವಳಾದಳು ಅಂತ ಒಂದು ಹುಡುಗಿಯನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟರು. ಸಾಯನ ಬೈದ್ಯ ಅವಳನ್ನು ಮನೆಗೆ ಕರೆತಂದು ತಂಗಿಯ ಹಾಗೆ ಸಾಕಿದ. ಅವಳೇ ದೇಯಿ ಬೈದೆತಿ. ತುಂಬು ಬಸುರಿಯಾಗಿದ್ದಾಗ ಪಡುಮಲೆಯ ಬಲ್ಲಾಳನ ಗಾಯಕ್ಕೆ ಮದ್ದು ಮಾಡಲು ಹೋದಳು. ಅಲ್ಲೇ ಅವಳಿ ಗಂಡು ಮಕ್ಕಳನ್ನು ಹೆತ್ತು, ಅವರು ಎಳೆಯರಿರುವಾಗಲೇ ತೀರಿಕೊಂಡಳು. ಆ ಮಕ್ಕಳೇ ಕೋಟಿ ಚೆನ್ನಯರು. ಊರೂರಲ್ಲಿ ಗರಡಿ, ಅಂದರೆ ಗುಡಿ, ಇರುವ ನಮ್ಮ ವೀರರು. ತಾಯಿಯೂ ಮನೆಯವರು ಬಿಟ್ಟುಹೋದ ಹುಡುಗಿ, ಮಕ್ಕಳೂ ತಾಯಿಯಿಲ್ಲದವರು. ಅವರಿಗೆ ನಾವು ಕೈ ಮುಗಿಯುತ್ತೇವೆ. ಗರಡಿಯಿಂದ ಹೊರಗೆ ಬಂದು ಚಪ್ಪಲಿ ಹಾಕುವಾಗ ಪಕ್ಕದವರ ಹತ್ತಿರ "ಎಲ್ಲಾಯ್ತು, ಯಾವ ಬರಿ" ಅಂತ ಶುರು ಮಾಡುತ್ತೇವೆ. ಇದು ನನಗೆ ತುಂಬಾ ನೋವಾಗುವ ವಿಷಯ.

ಮದುವೆ ಆಯಿತು. ಅಜ್ಜಿಯೇ ಮೊದಲ ಅಕ್ಷತೆ ಹಾಕಿದರು.

ಹದಿನೆಂಟರ ಆ ಬಾಗಿಲಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮನೆಯ ಮಕ್ಕಳನ್ನು ನೋಡಿ. ಹದಿನೆಂಟಕ್ಕೆ ಅವರಿಗೆ ಬಟ್ಟೆ ಒಗೆಯಲಿಕ್ಕೂ ಸರಿಯಾಗಿ ಬರುವುದಿಲ್ಲ. 25 ಆದರೂ ಅಪ್ಪನ ಫೋನಿಗೆ "ಸ್ವಲ್ಪ ಹಣ ಹಾಕಿ" ಅಂತ ಮೆಸೇಜ್ ಬರುತ್ತದೆ. ಆಶ್ರಮದ ಮಗು ಮಾತ್ರ ಒಂದೇ ರಾತ್ರಿಯಲ್ಲಿ ದೊಡ್ಡದಾಗಬೇಕು. ಈಗ ಕಾಯ್ದೆ ಸ್ವಲ್ಪ ಸಹಾಯ ಮಾಡುತ್ತದೆ. 2015ರ ಬಾಲನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಸಂಸ್ಥೆಯಿಂದ ಹೊರಗೆ ಬರುವವರಿಗೆ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ಅನುಪಾಲನೆ, ಅಂದರೆ ಹೊರಗೆ ಬಂದ ಮೇಲಿನ ನೆರವು, ಸಿಗಬಹುದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಕೊರೊನಾದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡ ಮಕ್ಕಳಿಗೆ 2021ರಲ್ಲಿ ಪಿಎಂ ಕೇರ್ಸ್ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲಸೇವಾ ಯೋಜನೆ ಬಂತು. ನಿಮಗೆ ಗೊತ್ತಿರುವ ಯಾವುದಾದರೂ ಮಗುವಿಗೆ ಇದು ಅನ್ವಯ ಆಗುವ ಹಾಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಕಷ್ಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಫೋನ್ ಮಾಡಿ. ಗೆಳೆಯನ ಕಾಲದಲ್ಲಿ ಇಂಥದ್ದು ಉಂಟು ಅಂತ ಅವನಿಗೆ ಹೇಳುವವರೇ ಇರಲಿಲ್ಲ.

ಕಾಗದದ ಕಷ್ಟ ಬೇರೆ. ಮಂಗಳೂರಿನ ಎಲ್ಲ ಹುಡುಗರ ಹಾಗೆ ಅವನೂ ಒಮ್ಮೆ ಗಲ್ಫಿಗೆ ಹೋಗುವ ಆಸೆಯಿಂದ ಪಾಸ್‌ಪೋರ್ಟಿಗೆ ಓಡಾಡಿದ. ತಂದೆಯ ಹೆಸರು, ತಾಯಿಯ ಹೆಸರು, ಖಾಯಂ ವಿಳಾಸ. ಮೂರು ಕಾಲಂ ಖಾಲಿ ನೋಡಿ ಏಜೆಂಟ್ ಅರ್ಜಿ ವಾಪಸ್ ಕೊಟ್ಟ. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲ ಆಯಿತು. ಹುಟ್ಟಿದ ದಿನದ ದಾಖಲೆ ಇಲ್ಲದ ಅನಾಥ ಮಕ್ಕಳಿಗೆ ಸಂಸ್ಥೆಯ ಮುಖ್ಯಸ್ಥರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಸಾಕು. ಅಪ್ಪ, ಅಮ್ಮ, ಪೋಷಕ, ಇವರಲ್ಲಿ ಒಬ್ಬರ ಹೆಸರು ಇದ್ದರೂ ಆಗುತ್ತದೆ. ಅಷ್ಟರಲ್ಲಿ ಅವನಿಗೆ ಗಲ್ಫಿನ ಆಸೆ ಹೋಗಿತ್ತು, ದಕ್ಕೆಯಲ್ಲಿ ಬೋರ್ಡ್ ಹಾಕಿ ಆಗಿತ್ತು.

ಇನ್ನೊಂದು ಮಾತು. ಇದನ್ನು ಅವನು ಬಹಳ ಕಷ್ಟದಿಂದ ಹೇಳಿದ್ದು. ಆಶ್ರಮಕ್ಕೆ ದೊಡ್ಡ ಮನೆಯವರು ಮಕ್ಕಳ ಹುಟ್ಟುಹಬ್ಬ ಮಾಡಲು ಬರುತ್ತಿದ್ದರು. ಕೇಕ್ ತರುತ್ತಿದ್ದರು. ಇವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಹಾಡಬೇಕು. ಅಮ್ಮ ಆ ಮಗುವಿನ ಬಾಯಿಗೆ ಕೇಕ್ ಇಡುತ್ತಾಳೆ, ಅಪ್ಪ ಕೆನ್ನೆಗೆ ಮುತ್ತು ಕೊಡುತ್ತಾನೆ. ಇವರು ನೋಡುತ್ತಾ ಹಾಡುತ್ತಿದ್ದರು. "ಕೇಕ್ ಆಸೆಗೆ ಹಾಡ್ತಿದ್ದೆವು. ಆದರೆ ರಾತ್ರಿ ಸಣ್ಣ ಮಕ್ಕಳು ಜಾಸ್ತಿ ಅಳ್ತಿದ್ದದ್ದು ಅದೇ ದಿನ" ಅಂದ. ಕೊಡುವ ಮನಸ್ಸು ಒಳ್ಳೆಯದೇ. ಅಕ್ಕಿ ಕೊಡಿ, ಫೀಸು ಕಟ್ಟಿ, ಆದಿತ್ಯವಾರ ಹೋಗಿ ಗಣಿತ ಹೇಳಿಕೊಡಿ. ನಿಮ್ಮ ಮಗುವಿನ ಹುಟ್ಟುಹಬ್ಬವನ್ನು ಮನೆಯಲ್ಲೇ ಮಾಡಿ. ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕುವುದಂತೂ ಬೇಡವೇ ಬೇಡ. ಪಾಲನೆಯಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ.

ಮರುದಿನ ನಾವು ಪುನಃ ಪ್ರೆಸ್ಸಿಗೆ ಹೋದೆವು. ಗೆಳೆಯ ಒಂದು ಚೀಟಿಯಲ್ಲಿ ಹಿರಿಯರ ಹೆಸರು ಬರೆದು ತಂದಿದ್ದ. ಅಕ್ಕನ ಹೆಸರು, ಕಾಕನ ಹೆಸರು. ಒಂದು ಕ್ರಿಶ್ಚಿಯನ್ ಹೆಸರು, ಒಂದು ಬ್ಯಾರಿ ಹೆಸರು. ಮೇಲೆ ಕೊರಗಜ್ಜ ಪ್ರಸನ್ನ. ಹುಡುಗಿ ಚೀಟಿ ಓದಿದಳು, ಒಮ್ಮೆ ಅವನ ಮುಖ ನೋಡಿದಳು. ನಿಧಾನಕ್ಕೆ ಟೈಪ್ ಮಾಡಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದಳು. "ಅಕ್ಷರ ಸರಿ ಉಂಟಾ ನೋಡಿ ಅಣ್ಣಾ. ಹಿರಿಯರ ಹೆಸರು, ತಪ್ಪಾಗ್ಬಾರ್ದು."

ಮಂಗಳೂರು ಹತ್ತಿರದ ಕುಳಾಯಿಯಲ್ಲಿ ಐದು ಸೆಂಟ್ಸ್ ಜಾಗ, ಎರಡು ಬೆಡ್‌ರೂಮಿನ ಮನೆ. ಸೊಸೈಟಿ ಸಾಲ ಇನ್ನೂ ಹದಿಮೂರು ವರ್ಷ ಉಂಟು. ಅಕ್ಕ ಈಗ ಮೂಡಬಿದಿರೆ ಕಡೆ ತಮ್ಮನ ಮನೆಯಲ್ಲಿ ಇರುತ್ತಾರೆ. ಒಕ್ಕಲಿನ ಹಿಂದಿನ ದಿನವೇ ಅವನು ಹೋಗಿ ಕರೆದುಕೊಂಡು ಬಂದ. ಮೊಣಕಾಲು ನೋವು, ಮೆಟ್ಟಿಲು ಹತ್ತುವಾಗ ಅವನ ಭುಜ ಹಿಡಿದುಕೊಂಡೇ ಹತ್ತಿದರು. ಬೆಳಿಗ್ಗೆ ಹೋಮ ಆಯಿತು, ಹಾಲು ಉಕ್ಕಿತು. ಕಾಕ ಬಿಳಿ ಪಂಚೆಯಲ್ಲಿ ಬಂದು ಬಾಗಿಲಲ್ಲೇ ಕುರ್ಚಿ ಹಾಕಿ ಕೂತು, ಬಂದವರನ್ನೆಲ್ಲ ಬನ್ನಿ ಬನ್ನಿ ಅಂತ ಕರೆಯುತ್ತಿದ್ದರು. ದಕ್ಕೆಯ ಅರ್ಧ ಜನ ಬಂದಿದ್ದರು. ಬಾಳೆ ಎಲೆ ಊಟ ಮುಗಿಯುವಾಗ ಮೂರು ಗಂಟೆ ಆಗಿತ್ತು.

ನಾನು ಅವತ್ತು ಅಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ಅಕ್ಕ ಅಡುಗೆ ಕೋಣೆಗೆ ಹೋಗಿ ಸುಮ್ನೆ ಡಬ್ಬಿಗಳನ್ನು ನೋಡುತ್ತಿದ್ದರು. ತಟ್ಟೆ ಸ್ಟ್ಯಾಂಡಿನ ಕೊನೆಯಲ್ಲಿ, ಉಡುಗೊರೆ ಬಂದ ಹೊಸ ತಟ್ಟೆಗಳ ಹಿಂದೆ, ಒಂದು ಹಳೇ ತಟ್ಟೆ ಕಂಡಿತು. ಹೊರಗೆ ಎಳೆದರು. ಅಂಚಿನ ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದರು.

"ಇದನ್ನು ಇನ್ನೂ ಇಟ್ಟಿದ್ದೀಯಾ ಮಗಾ?"

"ನೀವೇ ಕೊಟ್ಟದ್ದಲ್ವಾ ಅಕ್ಕ."

"ಹೌದು. ಆ ವರ್ಷ ಸ್ಟಾಕ್ ಪುಸ್ತಕದಲ್ಲಿ ತಟ್ಟೆ ಒಂದು ಕಾಣೆಯಾಗಿದೆ ಅಂತ ಬರೆದೆ. ಸಂಬಳದಲ್ಲಿ 40 ರೂಪಾಯಿ ಹಿಡಿದ್ರು."

ಇಷ್ಟು ವರ್ಷದಲ್ಲಿ ಅವನಿಗೆ ಇದು ಗೊತ್ತಿರಲಿಲ್ಲ. ಅವನು ಏನೂ ಹೇಳದೆ ಒಲೆಯ ಕಡೆ ತಿರುಗಿದ. ಅಕ್ಕ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು, ಸೆರಗಿನಲ್ಲಿ ಒರಸಿದರು. "ನನಗೆ ಇದರಲ್ಲೇ ಬಡಿಸು" ಅಂದರು.

ಅವತ್ತು ಬೂತಾಯಿ ಸಾರು. ಬೆಳಿಗ್ಗೆ ಅವನೇ ದಕ್ಕೆಯಿಂದ ತಂದದ್ದು. ಅಕ್ಕ ಮೇಜಿನ ಹತ್ತಿರ ಕೂತರು. ಅವನು ಸೌಟು ಹಿಡಿದು ಪಕ್ಕದಲ್ಲಿ ನಿಂತು ಬೂತಾಯಿ ಹಾಕಿದ. ಒಂದು, ಎರಡು. ಆಮೇಲೆ ಮೂರು. "ಸಾಕು ಮಗಾ" ಅಂದರು ಅಕ್ಕ. ನಾಲ್ಕು. "ಸಾಕು ಅಂದೆನಲ್ಲ." ಅವನು ಕೇಳಲಿಲ್ಲ. ಐದನೆಯದನ್ನೂ ಹಾಕಿದ.